ಮಡ್ಡಿ ಏರಿ ಬಂದ ‘ಹೂಂ’

ಸಿದ್ದೇಶ್ವರಿಯ ಸಂಸಾರ ನಡೆಯುವುದೇ ಮೆಸೇಜಿನ ಮೇಲೆ. ಭಾಲ್ಕಿಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಎದೆಮಟ್ಟದ್ದು. ಆ ಗೋಡೆಯ ಮೇಲಿಂದ ಉಪ್ಪಿನಕಾಯಿ ಹೋಗುತ್ತದೆ, ಹೆಪ್ಪಿಗೆ ಮೊಸರು ಬರುತ್ತದೆ, ಅದರ ಹಿಂದೆ ಮಾತೂ ದಾಟುತ್ತದೆ. ಹಾಗಾಗಿ ಅವಳ ಗಂಡ ಧೊಂಡಿಬಾ ಇವತ್ತು ಯಾರ ಹೊಲದಲ್ಲಿ ಕುರಿ ಕೂಡಿಸಿದ್ದಾನೆ ಎಂಬುದು ಅವಳಷ್ಟೇ ನನಗೂ ಗೊತ್ತಿರುತ್ತದೆ.

ತೊಗರಿ, ಕಡಲೆ, ಜೋಳ ಎಲ್ಲ ಮನೆ ಸೇರಿ ಹೊಲ ಬರಿದಾದ ಮೇಲೆ ಧೊಂಡಿಬಾ ಕುರಿ ಹೊಡೆದುಕೊಂಡು ಹೊರಡುತ್ತಾನೆ. ಹಗಲೆಲ್ಲ ಮೇಯಿಸುತ್ತಾನೆ, ಸಂಜೆಗೆ ಯಾರಾದರೂ ರೈತರ ಹೊಲದಲ್ಲಿ ಸುತ್ತ ಬಲೆ ಕಟ್ಟಿ ಕುರಿ ಕೂಡಿಸುತ್ತಾನೆ. ಬೆಳಗಾಗುವುದರೊಳಗೆ ಆ ಹೊಲಕ್ಕೆ ಹಿಕ್ಕೆಯ ಗೊಬ್ಬರ ಬಿದ್ದಿರುತ್ತದೆ. ಅದಕ್ಕೆ ಪ್ರತಿಯಾಗಿ ರೈತರು ಜೋಳ ಕೊಡುತ್ತಾರೆ. ಮಳೆಗಾಲಕ್ಕೆ ಮುಂಚೆ ಎಲ್ಲರಿಗೂ ಕುರಿ ಬೇಕು, ಎಲ್ಲರಿಗೂ ಮೊದಲು ಬೇಕು. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಗೊತ್ತುಮಾಡುವುದು ಸಿದ್ದೇಶ್ವರಿಯ ಕೆಲಸ.

ಅವಳು ಸಂತೆಯ ಪಕ್ಕದ ಬೇವಿನ ಮರದ ಕೆಳಗೆ ನಾಲ್ಕು ಕಂಬಳಿ ಹರವಿಕೊಂಡು, ಉಣ್ಣೆ ನೂಲುವ ಕದಿರು ತಿರುಗಿಸುತ್ತ ಕೂತಿರುತ್ತಾಳೆ. ಕಂಬಳಿ ಕೊಳ್ಳುವವರಿಗಿಂತ ಕುರಿ ಕೇಳುವವರೇ ಜಾಸ್ತಿ. ಚೀಲ ಇಳಿಸಿ ಬಂದ ರೈತರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, “ಬಾಯೀ, ನಮ್ಮ ಹೊಲ ನೆನಪದ ಇಲ್ರಿ?” ಅನ್ನುತ್ತಾರೆ. ಅವಳು ಕದಿರು ನಿಲ್ಲಿಸುವುದಿಲ್ಲ. “ನೆನಪದರಿ. ನಿಮ್ಮ ಊರಾಗ ಕುರಿಗಿ ನೀರದ ಇಲ್ಲ ಅದು ಮೊದಲ ಹೇಳ್ರಿ,” ಅನ್ನುತ್ತಾಳೆ. ಎಲ್ಲ ಬಾಯಿಮಾತು. ಮಾತು ಮುಗಿದ ಮೇಲೆ ಗಂಡನಿಗೆ ಮೆಸೇಜು ಹಾಕುತ್ತಾಳೆ. ‘ನಾಳಿ ಬಗದಲ್. ಅವಿನಾಶನ ಹೊಲ. ಬಾವಿ ಬಾಜೂಕ.’

ಕರೆ ಮಾಡಿದರೆ ಪ್ರಯೋಜನವಿಲ್ಲ. ಕುರಿ ಮೇಯುವುದು ತಗ್ಗಿನಲ್ಲಿ, ಅಲ್ಲಿ ರೇಂಜು ಇರುವುದಿಲ್ಲ. ಚಾರ್ಜು ಉಳಿಯಲಿ ಎಂದು ಧೊಂಡಿಬಾ ಫೋನು ಬಂದ್ ಮಾಡಿ ಅಂಗಿಯ ಜೇಬಿನಲ್ಲಿಟ್ಟಿರುತ್ತಾನೆ. ಸಂಜೆ ಕುರಿ ಕೂಡಿಸಿದ ಮೇಲೆ ಹತ್ತಿರದ ಯಾವುದಾದರೂ ಮಡ್ಡಿ, ಅಂದರೆ ಕಲ್ಲುದಿಬ್ಬ, ಏರಿ, ಕಲ್ಲಿನ ಮೇಲೆ ಕೂತು ಫೋನು ತೆರೆಯುತ್ತಾನೆ. ಅಷ್ಟು ಹೊತ್ತು ಎಲ್ಲೋ ಗಾಳಿಯಲ್ಲಿ ಕಾಯ್ದುಕೊಂಡಿದ್ದ ಮೆಸೇಜು ಆಗ ಅವನ ಕೈಗೆ ಬಂದು ಬೀಳುತ್ತದೆ. ಅವನು ಓದಿ, ‘ಹೂಂ’ ಎಂದು ಒತ್ತಿ ಕಳಿಸಿ, ಮತ್ತೆ ಬಂದ್ ಮಾಡಿ ಇಳಿಯುತ್ತಾನೆ. ಗಂಡ ಹೆಂಡತಿ ನಡುವೆ ಒಂದು ಕಟ್ಟು ಇತ್ತು: ಮೆಸೇಜು ಬಂದರೆ ಎದ್ದು ಮುಂದಿನ ಹೊಲಕ್ಕೆ ಹೋಗಬೇಕು, ಬರದಿದ್ದರೆ ಕೂತಲ್ಲೇ ಕೂತಿರಬೇಕು.

ಧೊಂಡಿಬಾನ ಹೆಬ್ಬೆರಳು ದಪ್ಪ, ಒರಟು. ಹೀಗಾಗಿ ಅವನ ಉತ್ತರ ಯಾವಾಗಲೂ ಒಂದೇ. ‘ಜೋಳ ಬಂತು, ಚೊಲೊ ಅದ’ ಅಂದರೂ ಹೂಂ, ‘ಮಗಳಿಗಿ ಔರಾದದ ವರ ನೋಡೀನಿ’ ಅಂದರೂ ಹೂಂ. ಒಮ್ಮೆ ಸಿದ್ದೇಶ್ವರಿ ಸಿಟ್ಟಿಗೆದ್ದು ‘ನಿಮಗ ಹೂಂ ಬಿಟ್ಟು ಬ್ಯಾರೆ ಮಾತೇ ಬರಂಗಿಲ್ಲೇನು?’ ಎಂದು ಕಳಿಸಿದಳು. ಸಂಜೆ ಗೋಡೆಯ ಮೇಲಿಂದ ಫೋನು ಚಾಚಿ ನನಗೆ ತೋರಿಸಿದಳು. ಅದಕ್ಕೂ ಹೂಂ ಎಂದೇ ಬಂದಿತ್ತು.

ಇಬ್ಬರಲ್ಲೂ ಇದ್ದದ್ದು ಬಟನ್ ಫೋನು. ಮಗಳು ರಾಧಿಕಾ ಬೀದರಿನ ಒಂದು ದವಾಖಾನೆಯಲ್ಲಿ ನರ್ಸು. ದಿನಾ ರೈಲಿಗೆ ಹೋಗಿ ರೈಲಿಗೆ ಬರುತ್ತಾಳೆ. ಮದುವೆಯಾಗಿ ಹೋಗುವ ಮುಂಚೆ ಅವ್ವ ಅಪ್ಪನಿಗೆ ಏನಾದರೂ ಚೆಂದದ್ದು ಕೊಡಬೇಕು ಎಂದು ಅವಳ ಮನಸ್ಸಿನಲ್ಲಿತ್ತು. ಯುಗಾದಿಯ ಹಿಂದೆಮುಂದೆ ಧೊಂಡಿಬಾ ಹಿಟ್ಟು ಒಯ್ಯಲು ಮನೆಗೆ ಬಂದಾಗ, ಬೀದರಿನ ಖಾಜಾ ಮಿಯಾನ ಅಂಗಡಿಯಿಂದ ಎರಡು ಫೋನು ತಂದು ಮುಂದಿಟ್ಟಳು. ಒಂದೇ ಕಂಪನಿಯವು, ಯಾರೋ ಬಳಸಿ ಬಿಟ್ಟವು. ಆದರೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಅವಳದೂ ಅದೇ ಕಂಪನಿಯದು.

“ಅವ್ವಾ, ಇದು ಸಾದಾ ಮೆಸೇಜ್ ಅಲ್ಲ,” ಎಂದು ರಾಧಿಕಾ ಹೇಳಿಕೊಟ್ಟಳು. “ಈ ಕಂಪನಿ ಫೋನಿಂದ ಈ ಕಂಪನಿ ಫೋನಿಗಿ ನೆಟ್ ಮ್ಯಾಲ ಹೋಗ್ತದ. ನೀಲಿ ಬಣ್ಣ ಇದ್ರ ಅದು. ಬ್ಯಾರೆ ಫೋನಿಗಿ ಕಳಿಸಿದ್ರ ಸಾದಾದು, ಹಸಿರು ಬಣ್ಣ.”

“ಹಸಿರು ಕೆಟ್ಟದ್ದೇನು?”

“ಕೆಟ್ಟದ್ದಲ್ಲ ಅವ್ವಾ. ಹಳೇದು.”

“ನಾನೂ ಹಳಬಳೇ ಇದ್ದೀನಲ್ಲ,” ಅಂದಳು ಸಿದ್ದೇಶ್ವರಿ. ಆದರೂ ಅವಳಿಗೆ ಆ ನೀಲಿ ಹಿಡಿಸಿತು. ಕಳಿಸಿದ್ದರ ಕೆಳಗೆ ‘ಮುಟ್ಟಿದೆ’ ಎಂದು ಅದೇ ಬರೆದು ತೋರಿಸುತ್ತಿತ್ತು. ಎಲ್ಲಕ್ಕಿಂತ ಹಿಡಿಸಿದ್ದು ಚುಕ್ಕಿಗಳು. ಆ ಕಡೆ ಯಾರಾದರೂ ಬರೆಯಲು ಬೆರಳಿಟ್ಟರೆ ಈ ಕಡೆ ಮೂರು ಚುಕ್ಕಿ ಕುಣಿಯುತ್ತಿದ್ದವು. ಇಷ್ಟು ವರ್ಷ ಗಂಡ ಮಡ್ಡಿ ಏರಿದ್ದಾನೋ ಇಲ್ಲವೋ ಎಂದು ಅಂದಾಜಿನಲ್ಲಿ ಇದ್ದವಳಿಗೆ ಈಗ ಅವನು ಬರೆಯುವುದೇ ಕಾಣುತ್ತಿತ್ತು. ಒಲೆಯ ಮುಂದೆ ಫೋನು ನಿಲ್ಲಿಸಿಕೊಂಡು ರೊಟ್ಟಿ ತಟ್ಟುತ್ತ, “ಗುಂಡಕ್ಕಾ, ಬರ್ರಿ ಇಲ್ಲಿ. ಬರೀಲಿಕ್ಕತ್ಯಾರ ನೋಡ್ರಿ,” ಎಂದು ನನ್ನನ್ನು ಕರೆಯುತ್ತಿದ್ದಳು. ಇಬ್ಬರೂ ಚುಕ್ಕಿ ನೋಡುತ್ತ ನಿಲ್ಲುತ್ತಿದ್ದೆವು. ರೊಟ್ಟಿ ಒಂದು ಬೆಂದು ಇನ್ನೊಂದು ಹಂಚಿಗೆ ಬಿದ್ದ ಮೇಲೆ ‘ಹೂಂ’ ಬರುತ್ತಿತ್ತು.

ಧೊಂಡಿಬಾ ಆಗ ಔರಾದಿನ ಕಡೆ ಇದ್ದ. ಅಲ್ಲಿಂದ ಫೋಟೊ ಬಂದವು. ಒಂದರಲ್ಲಿ ಟಗರಿನ ಕಿವಿ, ಒಂದರಲ್ಲಿ ಬರೀ ಆಕಾಶ, ಇನ್ನುಳಿದವುಗಳಲ್ಲಿ ಅವನ ಹೆಬ್ಬೆರಳು. ಸಿದ್ದೇಶ್ವರಿ ಹೆಬ್ಬೆರಳಿನ ಫೋಟೊಗಳನ್ನೂ ಅಳಿಸಲಿಲ್ಲ. ಆಮೇಲೆ ಅವನು ಬೀದರ್ ದಾಟಿ ಮನ್ನಳ್ಳಿಯ ಶಿವರಾಜಪ್ಪನ ಹೊಲಕ್ಕೆ ಹೋಗಬೇಕಿತ್ತು. ಮೆಸೇಜು ಹೋಯಿತು, ಹೂಂ ಬಂತು. ಅದೇ ಕೊನೆಯ ಹೂಂ.

ಅದರ ಮುಂದಿನ ಮೆಸೇಜಿಗೆ ಚುಕ್ಕಿ ಬಂದವು, ಕುಣಿದವು, ಹೋದವು. ಹೂಂ ಮಾತ್ರ ಬರಲಿಲ್ಲ. ಅದರ ಮುಂದಿನದಕ್ಕೂ ಹಾಗೇ. ಸಿದ್ದೇಶ್ವರಿ ಏನೂ ಗಾಬರಿಯಾಗಲಿಲ್ಲ.

“ಅವರ ಹೆಬ್ಬಟ್ಟು ಆ ಗಾಜಿಗಿ ಒಗ್ಗಂಗಿಲ್ಲ ಗುಂಡಕ್ಕಾ. ಬರೀತಾರ, ಅಳಿಸ್ತಾರ, ಮತ್ತ ಬರೀತಾರ. ಮುಟ್ಟ್ಯದಂತೂ ಖರೇ, ಇಲ್ಲಿ ಬರದದಲ್ಲ,” ಎಂದು ಕಸೂತಿ ಹಾಕಿದ ಚೀಲದೊಳಗೆ ಫೋನು ಇಳಿಬಿಟ್ಟಳು.

ಹೀಗಿರುವಾಗ ಬಗದಲ್‌ನ ಅವಿನಾಶ ಬೇವಿನ ಮರದ ಕೆಳಗೆ ಬಂದು ನಿಂತ. ಅವನ ಹೆಂಡತಿಯ ತವರು ಭಾಲ್ಕಿ.

“ಕಾಕೂ, ಕುರಿ ಬರ್ತಾವಂತ ಹೊಲ ಹಸನ ಮಾಡಿ ಕಾಯ್ದು ಕುಂತೆ. ಒಂದು ಮರೀನೂ ಹಣಿಕಿ ಹಾಕಿಲ್ಲ.”

“ಹ್ಯಾಂಗ ಬರಂಗಿಲ್ಲಪ್ಪ? ಮೆಸೇಜ್ ಹಾಕೀನಿ. ನೋಡಿಲ್ಲಿ, ಮುಟ್ಟ್ಯದಂತ ಬರದದ.”

ಅವಿನಾಶ ಫೋನಿಗೆ ಕಣ್ಣು ಹತ್ತಿರ ತಂದು ನೋಡಿದ. “ಮೆಸೇಜ್ ಮುಟ್ಟ್ಯದ ಕಾಕೂ. ಕುರಿ ಮುಟ್ಟಿಲ್ಲ.”

ಅವತ್ತು ಸಿದ್ದೇಶ್ವರಿಯ ಕದಿರು ಮೊದಲ ಸಲ ನಿಂತಿತು.

ಅದೇ ಸಂಜೆ ಔರಾದಿನಿಂದ ವಿಮಲಾಬಾಯಿಯ ಫೋನು ಬಂತು. ವಿಮಲಾಬಾಯಿ ಎಂದರೆ ರಾಧಿಕಾಗೆ ನೋಡಿದ ವರ ಅಮೋಲನ ತಾಯಿ. ಅಮೋಲ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನನ್ನು ಯಾವುದೋ ತರಬೇತಿಗೆ ಕರೆದಿದ್ದರು. ಅದಕ್ಕೆ ಸಕ್ಕರೆಪುಡಿಯನ್ನು, ಅಂದರೆ ಸಕ್ಕರೆ ಪೊಟ್ಟಣ ಬಿಚ್ಚಿ ಮದುವೆ ನಿಶ್ಚಯ ಮಾಡುವ ಶಾಸ್ತ್ರವನ್ನು, ಒಂದು ವಾರ ಮುಂಚೆಯೇ ಬರುವ ಸೋಮವಾರ ಮುಗಿಸೋಣ ಎಂದು ಅವರ ಮಾತು.

“ಬೀಗ್ತಿಯವರೇ, ನಿಮಗ ತಯಾರಿ ಆಗ್ತದಿಲ್ರಿ?”

“ಆಗ್ತದರಿ, ಯಾಕಾಗಂಗಿಲ್ಲ,” ಎಂದು ಸಿದ್ದೇಶ್ವರಿ ಒಪ್ಪಿಬಿಟ್ಟಳು. ಸಕ್ಕರೆ, ಸೀರೆ, ಅಡುಗೆ ಇವೆಲ್ಲ ಆಗುತ್ತಿದ್ದವು. ಆಗಬೇಕಾದದ್ದು ಇನ್ನೊಂದಿತ್ತು.

ಧೊಂಡಿಬಾನ ಮನೆತನದಲ್ಲಿ ಒಂದು ಪದ್ಧತಿ. ಹೆಣ್ಣುಮಗಳ ಸಕ್ಕರೆಪುಡಿಗೆ ಗಂಡು ಹೆಣ್ಣು ಕೂರುವುದು ಚಾಪೆಯ ಮೇಲಲ್ಲ, ಹೊಸ ಕರಿ ಕಂಬಳಿಯ ಮೇಲೆ. ಮನೆಯ ಕುರಿಯ ಉಣ್ಣೆಯದ್ದೇ ಆಗಬೇಕು. ನೇಯ್ದ ಮೇಲೆ ಅದನ್ನು ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಹುಡುಗಿಯ ತಂದೆ ಅದನ್ನು ಕುರಿಯ ಜೊತೆಗೇ ಒಯ್ದು, ಹಟ್ಟಿಯ ವಾಸನೆ ಹಿಡಿಸಿ, ಅವನ ಕೈಯಿಂದಲೇ ತಂದು ಹಾಸಬೇಕು. ಚಿಕ್ಕಪ್ಪ ಹಾಸಿದರೆ ನಡೆಯುವುದಿಲ್ಲ, ಸಂತೆಯಲ್ಲಿ ಕೊಂಡದ್ದು ನಡೆಯುವುದಿಲ್ಲ. ಹಾಸದ ಹೊರತು ಹಿರಿಯರು ಸಕ್ಕರೆಯ ಪೊಟ್ಟಣಕ್ಕೆ ಕೈ ಹಾಕುವುದಿಲ್ಲ. ಆ ಕಂಬಳಿಯ ನೂಲನ್ನು ಸಿದ್ದೇಶ್ವರಿಯೇ ನೂತಿದ್ದಳು. ಈಗ ಕಂಬಳಿ ಗಂಡನ ಹೆಗಲ ಮೇಲಿತ್ತು, ಗಂಡ ಎಲ್ಲಿದ್ದಾನೋ ಗೊತ್ತಿರಲಿಲ್ಲ.

ಅವಳು ಬರೆದಳು. ‘ಸೋಮವಾರ ಸಕ್ಕರಿಪುಡಿ. ಕಂಬಳಿ ತಗೊಂಡು ಬರ್ರಿ.’ ನೀಲಿಯಾಗಿ ಹೋಯಿತು. ಕೆಳಗೆ ‘ಮುಟ್ಟಿದೆ’ ಎಂದಿತು. ಚುಕ್ಕಿ ಕುಣಿದವು. ತಾಯಿ ಮಗಳು ನೋಡಿದರು. ಚುಕ್ಕಿ ಹೋದವು.

“ಬರೀತಾರ ಅಂದ್ರ ಓದ್ಯಾರ. ಬರ್ತಾರ ಬಿಡು ಅವ್ವಾ,” ಅಂದಳು ರಾಧಿಕಾ. ಆದರೆ ಕರೆ ಮಾಡಿದಾಗೆಲ್ಲ ವ್ಯಾಪ್ತಿಯ ಹೊರಗೆ ಎಂದೇ ಹೇಳುತ್ತಿತ್ತು.

ಭಾನುವಾರ ಸಿದ್ದೇಶ್ವರಿ ಔರಾದಿನ ಬಸ್ಸು ಹತ್ತಿದಳು. ಅಲ್ಲಿ ಧೊಂಡಿಬಾನ ತಾಯಿ ಪುತಳಾಬಾಯಿ ದೊಡ್ಡ ಮಗನ ಮನೆಯಲ್ಲಿ ಇರುತ್ತಾಳೆ. ಮನೆಗೆ ಹಿರಿಯಳು, ಮೊಮ್ಮಗಳ ಶಾಸ್ತ್ರಕ್ಕೆ ಅವಳನ್ನು ಸೊಸೆಯೇ ಹೋಗಿ ಕರೆತರಬೇಕು. ಜೊತೆಗೆ ಹೆಣ್ಣೊಂದು ಇರಲಿ ಎಂದು ನನ್ನನ್ನೂ ಕರೆದಳು. ದಾರಿಯುದ್ದಕ್ಕೂ ಅವಳು ಕಿಟಕಿಯಾಚೆ ಎಲ್ಲಿ ಕುರಿ ಕಂಡರೂ ಕತ್ತು ಹೊರಳಿಸಿ ನೋಡುತ್ತಿದ್ದಳು.

ಪುತಳಾಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಹಲ್ಲು ಒಂದೂ ಇಲ್ಲ, ದನಿ ಮಾತ್ರ ಓಣಿಗೆಲ್ಲ ಕೇಳುತ್ತದೆ. ಸೊಸೆ ಕಾಲಿಗೆ ಬಿದ್ದಳು, ನೀರು ಕುಡಿದೆವು. “ನಿಮ್ಮ ಮಗಂದು ಸುದ್ದಿ ಇಲ್ಲರಿ ಅತ್ತಿ,” ಎನ್ನುತ್ತ ಸಿದ್ದೇಶ್ವರಿ ಕೈಯಲ್ಲಿದ್ದ ಫೋನಿನಲ್ಲಿ ಇನ್ನೊಮ್ಮೆ ಬರೆದಳು. ‘ಎಲ್ಲಿದ್ದೀರಿ?’

ಗೋಡೆಯ ಗೂಡಿನೊಳಗೆ ‘ಟಿಂಗ್’ ಎಂದಿತು.

ಪುತಳಾಬಾಯಿ ಮೊಣಕಾಲು ಹಿಡಿದು ಎದ್ದಳು. “ಆಯ್ತು ಆಯ್ತು, ಬಂದೆ. ಮುಂಜಾನಿನೇ ಹಾಕೀನಿ, ಇಷ್ಟು ಜಲ್ದಿ ಮತ್ತ ಹಸಿವೇನು ನಿನಗ,” ಎನ್ನುತ್ತ ಗೂಡಿನಿಂದ ಏನನ್ನೋ ತೆಗೆದು, ಸೆರಗಿನಿಂದ ಚೆನ್ನಾಗಿ ಒರೆಸಿ, ಚಾರ್ಜಿನ ವೈರಿಗೆ ಸಿಕ್ಕಿಸಿದಳು. ಅದೇ ಹೊತ್ತಿಗೆ ಸಿದ್ದೇಶ್ವರಿಯ ಫೋನಿನಲ್ಲಿ ಮೂರು ಚುಕ್ಕಿ ಕುಣಿದವು.

ಸಿದ್ದೇಶ್ವರಿ ನನ್ನ ಮುಖ ನೋಡಿದಳು. ನಾನು ಅವಳ ಫೋನು ನೋಡಿದೆ. ಅವಳು ಮತ್ತೊಮ್ಮೆ ಬರೆದಳು. ಮತ್ತೆ ಟಿಂಗ್. ಮತ್ತೆ ಮುದುಕಿ ಎದ್ದಳು, ಒರೆಸಿದಳು, ಮತ್ತೆ ಚುಕ್ಕಿ.

“ಅತ್ತಿ, ಅದು ಯಾರ ಫೋನು?”

“ಧೊಂಡ್ಯಾಂದು. ಈ ದಾರೀಲೆ ಕುರಿ ಹೊಡಕೊಂಡು ಹೋಗಾಗ ಕೊಟ್ಟು ಹೋದ. ಭಜನಿ ಕೇಳ್ಕೋತ ಕುಂದ್ರು ಅಂದ. ಇಲ್ಲಿ ಹುಡುಗರು ಮನೀ ವೈಫೈ ಹಚ್ಚಿ, ಭಜನಿ ತುಂಬಿ ಕೊಟ್ಟಾರ. ಅವನ ಬೆರಳಿಗಿ ಅದು ಕೇಳಂಗಿಲ್ಲಂತ. ಹಳೇ ಫೋನಿನಾಗ ಅವನ ಚೀಟಿ ಹಾಕ್ಕೊಂಡು ಹೋದ.” ಚೀಟಿ ಎಂದರೆ ಸಿಮ್ಮು. “ಮಗಳು ಪ್ರೀತೀಲೆ ಕೊಟ್ಟದ್ದು, ಮನ್ಯಾಗ ಹೇಳಬ್ಯಾಡ ಅಂದಾನ. ನಾ ಹೇಳಿಲ್ಲ ನೋಡು,” ಎಂದು ಪುತಳಾಬಾಯಿ ಹೇಳಿಬಿಟ್ಟಳು.

“ಅದು ಟಿಂಗ್ ಅಂದ್ರ ಏನಂತ ತಿಳದ್ರಿ ನೀವು?”

“ಹಸಿವಾಗ್ಯದಂತ. ಮತ್ತೇನು? ಒಂದಿನಾನೂ ಉಪವಾಸ ಕೆಡವಿಲ್ಲ ಅದಕ್ಕ.”

ನನಗೆ ನಗು ತಡೆಯಲಾಗಲಿಲ್ಲ. ಸಿದ್ದೇಶ್ವರಿಗೆ ಅಳು ಬಂದಿತ್ತು, ನನ್ನ ನಗು ನೋಡಿ ಅದೂ ನಗುವಾಗಿ ಹೊರಗೆ ಬಂತು. ಕೊನೆಯ ಹೂಂ ಬಂದಾಗಿನಿಂದ ಅವಳು ರೊಟ್ಟಿ ತಟ್ಟುತ್ತ ಕಣ್ಣು ತುಂಬ ನೋಡಿದ್ದು ಗಂಡ ಬರೆಯುವುದನ್ನಲ್ಲ, ಅತ್ತೆಯ ಸೆರಗು ಗಾಜಿನ ಮೇಲೆ ಆಡುವುದನ್ನು.

ನಗು ಇಳಿದ ಮೇಲೆ ಎಲ್ಲ ತಿಳಿಯಾಯಿತು. ಧೊಂಡಿಬಾನಿಗೆ ಒಂದೂ ಮೆಸೇಜು ಹೋಗಿಲ್ಲ. ಬರದಿದ್ದರೆ ಕೂತಲ್ಲೇ ಕೂತಿರಬೇಕು ಎಂಬುದು ಅವರ ಕಟ್ಟು. ಅಂದರೆ ಅವನು ಇನ್ನೂ ಮನ್ನಳ್ಳಿಯಲ್ಲಿ, ಶಿವರಾಜಪ್ಪನ ಹೊಲದಲ್ಲೇ ಇದ್ದಾನೆ. ಔರಾದಿನಿಂದ ಮನ್ನಳ್ಳಿ ಅಂದರೆ ಬೀದರ್ ದಾಟಿ ಆಚೆ. ಹೋಗಿ ಹೊಲ ಹುಡುಕುವ ಹೊತ್ತು ಉಳಿದಿರಲಿಲ್ಲ. ಶಿವರಾಜಪ್ಪನ ಫೋನು ನಂಬರೂ ಇಲ್ಲ, ಆತ ಬೇವಿನ ಮರದ ಕೆಳಗೆ ಬಾಯಲ್ಲಿ ಹೇಳಿ ಹೋದವನು. ಉಳಿದದ್ದು ಒಂದೇ ದಾರಿ. ಇವತ್ತು ಸಂಜೆ ಧೊಂಡಿಬಾ ಮಡ್ಡಿ ಏರುವುದರೊಳಗೆ ಅವನ ಹಳೆಯ ಫೋನಿಗೆ ಮಾತು ಮುಟ್ಟಬೇಕು.

ಸಿದ್ದೇಶ್ವರಿ ಖಾಜಾ ಮಿಯಾನಿಗೆ ಫೋನು ಹಚ್ಚಿದಳು. ಅವನ ದನಿ ಪಡಸಾಲೆಗೆಲ್ಲ ಕೇಳುತ್ತಿತ್ತು.

“ಭಾಭಿ, ಸಮಜಾಯ್ತು. ನಿಮ್ಮ ಫೋನಿಗಿ ಅವರು ಇನ್ನೂ ಆ ಫೋನಿನಾಗೇ ಇದ್ದಾರ ಅಂತ ಖಯಾಲ್ ಅದ. ಅದಕ್ಕ ಅಲ್ಲಿಗೇ ಒಯ್ದು ಹಾಕ್ತದ. ಈಗ ಒಂದು ಕೆಲಸ ಮಾಡ್ರಿ, ಇದೊಂದು ಮೆಸೇಜ್ ಅಷ್ಟೇ ಸಾದಾ ಮಾಡಿ ಕಳಿಸ್ಲಿಕ್ಕೂ ಬರ್ತದ. ಇಲ್ಲ ಆ ಕಂಪನಿ ಮೆಸೇಜೇ ಪೂರಾ ಬಂದ್ ಮಾಡ್ಲಿಕ್ಕೂ ಬರ್ತದ. ಯಾವುದು ಬೇಕ್ರಿ?”

“ತಡೀರಿ,” ಎಂದು ಸಿದ್ದೇಶ್ವರಿ ಫೋನು ಇಟ್ಟಳು. ರಾಧಿಕಾಗೂ ಫೋನು ಮಾಡಿದಳು, ವಿಷಯ ಹೇಳಿದಳು. ಅವಳು, “ಅಪ್ಪ ನನಗ ಹೇಳಬೇಕಿತ್ತಲ್ಲ,” ಅಂದಳು. ಆಮೇಲೆ, “ಇದೊಂದೇ ಸಾದಾ ಕಳಿಸು ಅವ್ವಾ. ಪೂರಾ ಬಂದ್ ಮಾಡಿದ್ರ ಆ ಕಂಪನಿ ನೀಲಿ ಹೋಗ್ತದ. ಮುಟ್ಟ್ಯದ ಅಂತ ಹೇಳಂಗಿಲ್ಲ, ಚುಕ್ಕಿನೂ ಬರಂಗಿಲ್ಲ. ನಿನಗ ಚುಕ್ಕಿ ಅಂದ್ರ ಜೀವ.”

“ಚುಕ್ಕಿ ನೋಡಿ ನೋಡಿ ಇಲ್ಲಿಗಿ ಬಂದೀನಿ ನಾ,” ಅಂದಳು ಸಿದ್ದೇಶ್ವರಿ. “ಅದು ಮುಟ್ಟ್ಯದ ಅಂತಂತು, ಮುಟ್ಟಿರಲಿಲ್ಲ. ಹಳೇದು ಏನೂ ಹೇಳ್ತಿರಲಿಲ್ಲ, ಮುಟ್ತಿತ್ತು. ನಿಮ್ಮಪ್ಪ ಇರೋದು ಮಡ್ಡಿ ಮ್ಯಾಲ, ಮಡ್ಡಿಗಿ ಏರೋದು ನನಗ ಬೇಕು.”

ಮತ್ತೆ ಖಾಜಾ ಮಿಯಾನಿಗೆ ಹಚ್ಚಿ, ಅವನು ಹೇಳಿದ ಹಾಗೆ ಒಂದೊಂದೇ ಒತ್ತಿದಳು. ಸೆಟ್ಟಿಂಗಿನೊಳಗೆ ಒಂದು ಹಸಿರು ಗುಂಡಿ ಇತ್ತು. ಅದನ್ನು ಸರಿಸಿದಾಗ ಬೂದಿ ಬಣ್ಣಕ್ಕೆ ತಿರುಗಿತು. “ಆಯ್ತು ಭಾಭಿ, ಈಗ ನಿಮ್ಮದು ಕಂಪನಿ ಸಂಬಂಧ ಖತಮ್,” ಅಂದ ಅವನು. “ಇನ್ನ ಹೆಂಡತಿ ಗಂಡನ ಸಂಬಂಧ ಚಾಲೂ ಮಾಡ್ರಿ.”

ಅವಳು ಬರೆದಳು. ‘ನಾಳಿ ಮುಂಜಾನಿ ಭಾಲ್ಕಿ. ರಾಧಿಕಾನ ಸಕ್ಕರಿಪುಡಿ. ಕಂಬಳಿ ತರ್ರಿ. ಫೋನಿನ ಸುದ್ದಿ ಗೊತ್ತಾಗ್ಯದ.’ ಈ ಸಲ ಅಕ್ಷರದ ಹಿಂದೆ ಹಸಿರು ಬಿತ್ತು, ಹೊಸ ಜೋಳದ ಪೈರಿನ ಹಸಿರು. ಗೂಡಿನೊಳಗೆ ಏನೂ ಸದ್ದಾಗಲಿಲ್ಲ. ಆ ಸದ್ದಾಗದಿರುವುದನ್ನು ನಾವು ಮೂವರೂ ಕೇಳಿಸಿಕೊಂಡೆವು.

“ಈಗ ಯಾಕ ಸುಮ್ಮಗಾಯ್ತದು?” ಎಂದು ಪುತಳಾಬಾಯಿ ಕೇಳಿದಳು.

“ಹೊಟ್ಟಿ ತುಂಬ್ಯದ ಅತ್ತಿ. ನಡೀರಿ, ಬಸ್ ತಪ್ತದ.”

ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ, ಗೂಡಿನ ಫೋನನ್ನೂ ಸೆರಗಿಗೆ ಕಟ್ಟಿಕೊಂಡ ಮುದುಕಿ ನಡುವೆ, ನಾವಿಬ್ಬರು ಅಕ್ಕಪಕ್ಕ. ಸಿದ್ದೇಶ್ವರಿಯ ಮಡಿಲಲ್ಲಿ ಫೋನು. ಈಗ ಅದರಲ್ಲಿ ನೋಡಲು ಏನೂ ಇರಲಿಲ್ಲ. ಅವಳು ಕಿಟಕಿಯಿಂದ ಬಿಸಿಲನ್ನೇ ನೋಡುತ್ತಿದ್ದಳು. ಬಿಸಿಲು ಕೆಂಪಾಯಿತು. “ಈಗ ಬಲೆ ಕಟ್ತಾರ,” ಅಂದಳು. ಸ್ವಲ್ಪ ಹೊತ್ತಿನ ಮೇಲೆ, “ಈಗ ಕುರಿ ಒಳಗ ಹೊಕ್ಕಿರ್ತಾವ.” ಆಮೇಲೆ, “ಕುಂಟ ಟಗರು ಹಿಂದ ಉಳಿದಿರ್ತದ, ಅದಕ್ಕ ಬೈಲಿಕ್ಕತ್ತಿರ್ತಾರ.” ಚುಕ್ಕಿ ಇಲ್ಲದೆಯೂ ಅವಳಿಗೆ ಗಂಡ ಕಾಣುತ್ತಿದ್ದ. ಅವನ ಸಂಜೆ ಅವಳಿಗೆ ಬಾಯಿಪಾಠ.

“ಮಡ್ಡಿ ಏರ್ಯಾರೇನು?” ಎಂದು ಕೇಳಿದೆ.

“ಕಾಲು ಹಿಡೀತದ ಅವರಿಗಿ. ನಡುವ ಒಮ್ಮೆ ನಿಂದರ್ತಾರ.”

ಭಾಲ್ಕಿಯ ರೈಲ್ವೆ ಗೇಟಿನ ಹತ್ತಿರ ಬಸ್ಸು ನಿಂತಿತ್ತು. ರೈಲು ಬರುವುದಿತ್ತು. ಆಗ ಫೋನು ಮಡಿಲಲ್ಲಿ ಒಮ್ಮೆ ಗುರ್ ಅಂದಿತು. ಸಿದ್ದೇಶ್ವರಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

‘ಹೂಂ’

ಅವಳು ಸೆರಗಿನಿಂದ ಫೋನು ಒರೆಸಿದಳು, ಅತ್ತೆ ಒರೆಸುತ್ತಿದ್ದ ಹಾಗೆಯೇ. ಆಮೇಲೆ ಬಸ್ಸಿನ ಕಂಡಕ್ಟರನಿಗೆ, ಗುರುತು ಪರಿಚಯ ಇಲ್ಲದವನಿಗೆ, “ನಾಳಿ ನಮ್ಮ ಮಗಳ ಸಕ್ಕರಿಪುಡಿ ಅದ ಅಣ್ಣಾ, ಊಟಕ್ಕ ಬರಬೇಕು,” ಅಂದಳು. “ಬರ್ತೇನಿ ತಗೋರಿ ಅಕ್ಕಾ,” ಅಂದ ಅವನು.

ಸೋಮವಾರ ಔರಾದಿನವರು ಬಂದು ಕೂತು ಚಹಾ ಕುಡಿದಾಗಿತ್ತು. ವಿಮಲಾಬಾಯಿ ಎರಡು ಸಲ ಬಾಗಿಲ ಕಡೆ ನೋಡಿದಳು. “ಬೀಗರು ಬರ್ಲಿಕ್ಕತ್ಯಾರಿಲ್ರಿ?” ಎಂದು ಕೇಳಿದಳು. “ಹೂಂ ಅಂದಾರರಿ,” ಎಂದು ಸಿದ್ದೇಶ್ವರಿ ಹೇಳಿದಳು. ವಿಮಲಾಬಾಯಿಗೆ ಅದು ಸಾಲದಾಗಿತ್ತು. ನನಗೂ ಪುತಳಾಬಾಯಿಗೂ ಸಾಕಾಗಿತ್ತು.

ಓಣಿಯ ತುದಿಯಲ್ಲಿ ಮೊದಲು ಬಂದದ್ದು ವಾಸನೆ. ಆಮೇಲೆ ಧೊಂಡಿಬಾ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ತಲೆಗೆ ಹೊಸ ರುಮಾಲು. ಬೀದರಿನಿಂದ ಬಸ್ಸಿನಲ್ಲಿ ಆರಾಮಾಗಿ ಬಂದನಂತೆ. ಕಂಬಳಿಯ ವಾಸನೆಗೆ ಪಕ್ಕದ ಸೀಟಿನವರು, ಹಿಂದಿನ ಸೀಟಿನವರು ಎಲ್ಲ ಎದ್ದು ಮುಂದೆ ಹೋಗಿ ನಿಂತರಂತೆ.

“ಕುರಿ ಎಲ್ಲಿ ಬಿಟ್ಟು ಬಂದ್ರಿ?” ಎಂದು ಸಿದ್ದೇಶ್ವರಿ ಮೊದಲ ಮಾತು ಕೇಳಿದಳು.

“ಶಿವರಾಜಪ್ಪ ಕಾಯ್ಲಿಕ್ಕತ್ಯಾನ. ಇನ್ನ ಎರಡು ದಿನ ಮಗಳ ಕಡೆ ಇರಪ್ಪ, ಅವಸರ ಮಾಡಬ್ಯಾಡ ಅಂದ. ಭಾಳ ಚೊಲೊ ಮನಷಾ. ಇಷ್ಟು ದಿನ ಮಜ್ಜಿಗಿ, ಪಲ್ಯ ಎಲ್ಲ ಹೊಲಕ್ಕೇ ತಂದು ಕೊಟ್ಟಾನ. ಯಾಕ ಹೋಗವಲ್ಲಿ ಅಂತ ಒಂದು ಮಾತು ಕೇಳಿಲ್ಲ.”

ಊಟಕ್ಕೆ ಬಂದಿದ್ದ ಅವಿನಾಶ ಮೂಲೆಯಿಂದ, “ಹ್ಯಾಂಗ ಕೇಳ್ತಾನ ಕಾಕಾ? ಬಗದಲ್, ಮನ್ನಳ್ಳಿ ಎರಡೂ ಊರಿನ ಗೊಬ್ಬರ ಅವನೊಬ್ಬನ ಹೊಲದಾಗೇ ಬಿದ್ದದ,” ಅಂದ. ಔರಾದಿನವರೂ ನಕ್ಕರು. ಧೊಂಡಿಬಾ ಸಿಟ್ಟಾಗಲಿಲ್ಲ, “ಮುಂದಿನ ಪಾಳಿ ನಿಂದೇ ತಗೋ,” ಅಂದ.

ಅವನು ಕಂಬಳಿ ಕೊಡವಿದ. ಒಳಗಿನಿಂದ ಎರಡು ಒಣಗಿದ ಎಲೆ, ಒಂದು ಹಿಕ್ಕೆ ಉದುರಿದವು. ಯಾರೂ ಮೂಗು ಮುಚ್ಚಲಿಲ್ಲ. ನಡುಮನೆಯಲ್ಲಿ ಅಂಚು ಎಳೆದು ಹಾಸಿ, ನಾಲ್ಕೂ ಮೂಲೆ ಕೈಯಿಂದ ಸವರಿದ. ಅಮೋಲ ತೊಳೆದ ಬಿಳಿ ಅಂಗಿಯಲ್ಲಿ ಕೂತ, ರಾಧಿಕಾ ಹಸಿರು ಸೀರೆಯಲ್ಲಿ ಕೂತಳು. ಪುತಳಾಬಾಯಿ ಸಕ್ಕರೆಯ ಪೊಟ್ಟಣ ಬಿಚ್ಚಿದಳು. ಮೊದಲ ಚಿಟಿಕೆ ಹುಡುಗಿಗೆ, ಎರಡನೆಯದು ಹುಡುಗನಿಗೆ, ಮೂರನೆಯದು ತನ್ನ ಬಾಯಿಗೇ ಹಾಕಿಕೊಂಡಳು.

ಊಟ ಆಗಿ, ಬೀಗರು ಬಸ್ಸಿಗೆ ಹೋದ ಮೇಲೆ ರಾಧಿಕಾ ಅಪ್ಪನ ಮುಂದೆ ಬಂದು ನಿಂತಳು. ಧೊಂಡಿಬಾ ನೆಲ ನೋಡಿದ.

“ಚೊಲೊ ಫೋನ್ ಅದ ಅವ್ವಿ ಅದು. ಆದ್ರ ಕೈಯಾಗ ಉಣ್ಣಿ ಜಿಡ್ಡು ಇರ್ತದ, ಅದು ನಾ ಒತ್ತಿದ್ದು ಬಿಟ್ಟು ಬ್ಯಾರೇನೇ ಒತ್ತತದ. ಮತ್ತ ಸಂಜೀತನ ಅದರ ಚಾರ್ಜ್ ಇರಂಗಿಲ್ಲ. ನಿನಗ ಬ್ಯಾಸರ ಆಗ್ತದಂತ...”

“ಬ್ಯಾಸರ ಆಗ್ಯದ,” ಅಂದಳು ರಾಧಿಕಾ. “ಫೋನ್ ಕೊಟ್ಟಿದ್ದಕ್ಕಲ್ಲ, ಹೇಳದೇ ಇದ್ದಿದ್ದಕ್ಕ.” ಹಾಗೆನ್ನುತ್ತಲೇ ಅವನ ಅಂಗಿಗೆ ಅಂಟಿದ್ದ ಉಣ್ಣೆಯ ಎಳೆ ಕಿತ್ತು ತೆಗೆದಳು. “ಅದು ಈಗ ಅಜ್ಜಿದು. ಅಜ್ಜಿ ಚಂದ ಸಾಕ್ಯಾಳ ಅದಕ್ಕ.”

“ನಾ ಒಯ್ತೇನಿ ಮತ್ತ ಅದನ್ನ,” ಎಂದು ಪುತಳಾಬಾಯಿ ಒಳಗಿನಿಂದ ಹೇಳಿದಳು. ಭಜನೆ ಆಗಲೇ ಶುರುವಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ನಾನು ಗೋಡೆಯ ಈ ಕಡೆ ಸಂಡಿಗೆ ತೆಗೆಯುತ್ತಿದ್ದೆ. ಆ ಕಡೆ ಕಟ್ಟೆಯ ಮೇಲೆ ಗಂಡ ಹೆಂಡತಿ ಕೂತಿದ್ದರು. ಇಷ್ಟು ವರ್ಷ ದೂರದಿಂದಲೇ ಮಾತಾಡಿ ರೂಢಿಯಾದವರಿಗೆ ಪಕ್ಕದಲ್ಲಿ ಕೂತಾಗ ಏನು ಹೇಳಬೇಕೋ ತೋಚುವುದಿಲ್ಲ. ಸ್ವಲ್ಪ ಹೊತ್ತಿಗೆ ಧೊಂಡಿಬಾನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವನು ತೆಗೆದು, ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ.

“‘ಇನ್ನ ಹಿಂಗ ಮುಚ್ಚಿಡಬ್ಯಾಡ್ರಿ. ಕಂಬಳಿ ಚಂದ ಹಾಸಿದ್ರಿ.’”

ಸಿದ್ದೇಶ್ವರಿ ಬೇರೆ ಕಡೆ ಮುಖ ಮಾಡಿಕೊಂಡು ಕದಿರು ತಿರುಗಿಸುತ್ತಿದ್ದಳು.

ಧೊಂಡಿಬಾ ಬರೆಯತೊಡಗಿದ. ಆ ಹಳೆಯ ಫೋನಿನ ಗುಂಡಿಗಳು ಟಕ್ ಅಂದವು, ನಿಂತವು, ಮತ್ತೆ ಟಕ್ ಟಕ್ ಅಂದವು. ಸಿದ್ದೇಶ್ವರಿ ತಿರುಗಿ ನೋಡಲಿಲ್ಲ, ಕದಿರು ಮಾತ್ರ ಮೆಲ್ಲಗಾಯಿತು. ಅವಳು ಕೇಳುತ್ತಿದ್ದಳು. ಇವತ್ತು ಆ ಸದ್ದು ಒಂದು ಹೂಂಗೇ ನಿಲ್ಲಲಿಲ್ಲ. ನಾನು ಒಂದು ಮೊರ ಸಂಡಿಗೆ ಬಿಡಿಸಿ ಮುಗಿಸಿದರೂ ಅವನು ಒತ್ತುತ್ತಲೇ ಇದ್ದ.

ಆಮೇಲೆ ಅವಳ ಫೋನು ಗುರ್ ಅಂದಿತು. ಅವಳು ಓದಿದಳು, ಬಾಯಿಗೆ ಸೆರಗು ಹಿಡಿದಳು. ಗೋಡೆಯ ಮೇಲಿಂದ ಕೈ ಚಾಚಿ ನನಗೂ ತೋರಿಸಿದಳು. ಹಸಿರು ಮೆಸೇಜಿನ ಕೆಳಗೆ ಗಂಡನ ಉತ್ತರ ಬಂದಿತ್ತು.

‘ಹೂಂ. ನೂಲು ನಿಂದು.’